ಕೊಮಾಂಚಿ ಬಯಲಿನ ದಾರಿಬದಿಯ ಸ್ಮಾರಕಗಳು: ನೋಡುವ ಮತ್ತು ಓದುವ ಕ್ರಮ

ಟೆಕ್ಸಾಸ್ ರಾಜ್ಯದ ವಾಯವ್ಯ ಭಾಗದಿಂದ ಓಕ್ಲಹೋಮದ ನೈಋತ್ಯ ಮೂಲೆಯವರೆಗೆ ಹಬ್ಬಿರುವ ಹುಲ್ಲುಬಯಲಿನಲ್ಲಿ ಕಾರಿನಲ್ಲಿ ಸಾಗುವವರಿಗೆ, ಹತ್ತಿ ಹೊಲ, ಗಾಳಿಯಂತ್ರ, ದನಗಳ ಬೇಲಿ ಇವುಗಳ ನಡುವೆ ಆಗಾಗ ಒಂದು ಗ್ರಾನೈಟ್ ಕಲ್ಲೋ, ಕಂಬದ ಮೇಲಿನ ಅಲ್ಯೂಮಿನಿಯಂ ಫಲಕವೋ, ನೆಲಕ್ಕೆ ನಾಟಿ ನಿಂತ ಭಾರಿ ಉಕ್ಕಿನ ಬಾಣವೋ ಕಣ್ಣಿಗೆ ಬೀಳುತ್ತದೆ. ಇವುಗಳಲ್ಲಿ ಹಲವು ಅಮೆರಿಕದ ಮೂಲನಿವಾಸಿಗಳಾದ ಕೊಮಾಂಚಿ ಜನರ ಇತಿಹಾಸಕ್ಕೆ ಸೇರಿದವು. ಶೋಶೋನಿ ಜನರಿಂದ ಕವಲೊಡೆದು, ಸ್ಪೇನಿನವರು ತಂದಿದ್ದ ಕುದುರೆಗಳನ್ನು ಒಲಿಸಿಕೊಂಡು, ಹದಿನೆಂಟನೆಯ ಶತಮಾನದ ಆರಂಭದ ಹೊತ್ತಿಗೆ ದಕ್ಷಿಣದ ಬಯಲಿಗೆ ಬಂದ ಇವರು, ಸುಮಾರು ಒಂದೂವರೆ ಶತಮಾನ ಈ ನೆಲದ ಒಡೆಯರಾಗಿದ್ದರು. ಸ್ಪೇನ್, ಮೆಕ್ಸಿಕೊ, ಟೆಕ್ಸಾಸ್ ಗಣರಾಜ್ಯ, ಕೊನೆಗೆ ಅಮೆರಿಕ ಸಂಯುಕ್ತ ಸಂಸ್ಥಾನ, ಎಲ್ಲವೂ ಇವರೊಡನೆ ಕಾದಾಡಿದವು, ಇವರೊಡನೆ ಕೂತು ಮಾತುಕತೆಯನ್ನೂ ನಡೆಸಿದವು. 1875ರ ಜೂನ್ 2ರಂದು ಕೊಮಾಂಚಿ ನಾಯಕ ಕ್ವಾನಾ ಪಾರ್ಕರ್ ತನ್ನವರೊಂದಿಗೆ ಫೋರ್ಟ್ ಸಿಲ್ ಕೋಟೆಗೆ ಬಂದು ಶರಣಾದ ಮೇಲೆ ಬಯಲು ಕೈತಪ್ಪಿತು.

ಡಲ್ಲಾಸ್ ಸುತ್ತಮುತ್ತ ನೆಲೆಸಿರುವ ಕನ್ನಡಿಗರಿಗೆ, ಅಥವಾ ಅಲ್ಲಿಗೆ ಮಕ್ಕಳ ಮನೆಗೆ ಬಂದಿರುವ ತಂದೆತಾಯಂದಿರಿಗೆ, ಈ ಸ್ಮಾರಕಗಳನ್ನು ನಾಲ್ಕೈದು ದಿನಗಳಲ್ಲಿ ನೋಡಿ ಬರುವ ಬಗೆಯನ್ನು ಇಲ್ಲಿ ವಿವರಿಸಿದ್ದೇನೆ. ದಾರಿ ತೋರಿಸುವುದಷ್ಟೇ ಇದರ ಉದ್ದೇಶವಲ್ಲ. ಈ ಕಲ್ಲುಗಳಲ್ಲಿ ಹೆಚ್ಚಿನವನ್ನು ನೆಟ್ಟವರು ಕೊಮಾಂಚಿಗಳಲ್ಲ. ಅವರನ್ನು ಸೋಲಿಸಿದವರ, ಅವರ ನೆಲದಲ್ಲಿ ಬಂದು ನೆಲೆಸಿದವರ ಮಕ್ಕಳು ಮೊಮ್ಮಕ್ಕಳು. ಆದ್ದರಿಂದ ಯಾವುದನ್ನು ಮೊದಲು ನೋಡಬೇಕು, ಯಾವುದನ್ನು ಆಮೇಲೆ ಓದಬೇಕು ಎಂಬ ಕ್ರಮಕ್ಕೆ ಇಲ್ಲಿ ತುಂಬ ಬೆಲೆಯಿದೆ.

ಮೊದಲ ಹೆಜ್ಜೆ: ಲಾಟನ್‌ನಿಂದ ಆರಂಭಿಸಿ

ಸಾಮಾನ್ಯವಾಗಿ ಪ್ರವಾಸಿಗರು ಪಾಲೊ ಡ್ಯೂರೊ ಕಣಿವೆಯನ್ನು ನೋಡಲು ನೇರವಾಗಿ ಆಮರಿಲ್ಲೊ ಕಡೆಗೆ ಹೊರಡುತ್ತಾರೆ ಮತ್ತು ನಡುವೆ ಎದುರಾದ ಫಲಕಗಳನ್ನು ಓದುತ್ತಾ ಹೋಗುತ್ತಾರೆ. ಹಾಗೆ ಮಾಡಬೇಡಿ ಎಂದೇ ನನ್ನ ಸಲಹೆ. ಡಲ್ಲಾಸ್‌ನಿಂದ ವಿಚಿಟಾ ಫಾಲ್ಸ್ ಮಾರ್ಗವಾಗಿ ಸುಮಾರು ಮೂರು ಗಂಟೆ ಕಾರು ಓಡಿಸಿದರೆ ಓಕ್ಲಹೋಮದ ಲಾಟನ್ ಪಟ್ಟಣ ಸಿಗುತ್ತದೆ. ಕೊಮಾಂಚಿ ನೇಷನ್ ಎಂಬ ಸ್ವಯಮಾಡಳಿತದ ಕಚೇರಿ ಈ ಪಟ್ಟಣದ ಉತ್ತರಕ್ಕಿದೆ. ಅದರ ಸದಸ್ಯರಾಗಿ ನೋಂದಾಯಿಸಿಕೊಂಡವರ ಸಂಖ್ಯೆ ಸುಮಾರು 17,000. ಪಟ್ಟಣದೊಳಗೆ 2007ರಲ್ಲಿ ತೆರೆದ ಕೊಮಾಂಚಿ ನ್ಯಾಷನಲ್ ಮ್ಯೂಸಿಯಂ ಇದೆ. ಅವರ ಕಥೆಯನ್ನು ಅವರೇ ಹೇಳುವ ಜಾಗ ಅದು. ಎರಡನೆಯ ಮಹಾಯುದ್ಧದಲ್ಲಿ ಕೊಮಾಂಚಿ ಭಾಷೆಯಲ್ಲೇ ಸಂಕೇತ ಸಂದೇಶಗಳನ್ನು ಕಳಿಸಿದ ಸೈನಿಕರ ವಿಷಯವನ್ನು ಇಲ್ಲಿಗೆ ಹೋಗುವ ಮೊದಲೇ ಸ್ವಲ್ಪ ಓದಿಕೊಂಡಿರುವುದು ಒಳ್ಳೆಯದು. ತರಬೇತಿ ಪಡೆದ 17 ಜನರಲ್ಲಿ 14 ಮಂದಿ ಯುರೋಪಿಗೆ ಹೋದರು. 1944ರಲ್ಲಿ ನಾರ್ಮಂಡಿಯ ಯೂಟಾ ಬೀಚ್‌ನಲ್ಲಿ ಇಳಿದ ಸೇನೆಯ ಜೊತೆ ಅವರಿದ್ದರು. ಶಾಲೆಗಳಲ್ಲಿ ಆಡಿದರೆ ಶಿಕ್ಷೆ ಸಿಗುತ್ತಿದ್ದ ಭಾಷೆಯನ್ನೇ ಅದೇ ಸರ್ಕಾರ ಯುದ್ಧಕ್ಕೆ ಬಳಸಿಕೊಂಡಿತು ಎಂಬುದನ್ನು ತಿಳಿದವರಿಗೆ, ಮುಂದೆ ಬಯಲಿನಲ್ಲಿ ಸಿಗುವ ಕಲ್ಲುಗಳ ಮೌನವೂ ಅರ್ಥವಾಗುತ್ತದೆ.

ಮ್ಯೂಸಿಯಂ ನೋಡಿದ ಮೇಲೆ ಫೋರ್ಟ್ ಸಿಲ್‌ಗೆ ಹೋಗಬೇಕು. ಇದು ಇಂದಿಗೂ ಕೆಲಸ ಮಾಡುತ್ತಿರುವ ಸೇನಾ ನೆಲೆಯಾದ್ದರಿಂದ ಯಾರೂ ಸುಮ್ಮನೆ ಒಳಗೆ ಹೋಗುವಂತಿಲ್ಲ. ದ್ವಾರದ ಬಳಿಯ ಸಂದರ್ಶಕರ ಕೇಂದ್ರದಲ್ಲಿ ಗುರುತಿನ ಪತ್ರ ತೋರಿಸಿ ಪಾಸ್ ಪಡೆಯಬೇಕು. ಭಾರತೀಯ ಪಾಸ್‌ಪೋರ್ಟ್ ಇರುವವರಿಗೆ ನಿಯಮ ಬೇರೆ ಇರಬಹುದಾದ್ದರಿಂದ, ಹೊರಡುವ ಕೆಲವು ದಿನ ಮೊದಲೇ ಫೋನ್ ಮಾಡಿ ವಿಚಾರಿಸಿಕೊಳ್ಳುವುದು ಕ್ಷೇಮ. ಒಳಗಿನ ಸೇನಾ ಸ್ಮಶಾನದಲ್ಲಿ ಕ್ವಾನಾ ಪಾರ್ಕರ್‌ನ ಸಮಾಧಿಯಿದೆ. ಪಕ್ಕದಲ್ಲೇ ತಾಯಿ ಸಿಂಥಿಯಾ ಆನ್ ಪಾರ್ಕರ್‌ಳ ಸಮಾಧಿಯೂ ಇದೆ. ಬೆಳಗಾಗಿ, ನೆರಳು ಸರಿದು, ಕತ್ತಲೆ ಮರೆಯಾಗುವವರೆಗೆ ಆತ ಇಲ್ಲಿ ವಿಶ್ರಮಿಸುತ್ತಾನೆ ಎಂಬ ಅರ್ಥದ ಸಾಲು ಕ್ವಾನಾನ ಕಲ್ಲಿನ ಮೇಲಿದೆ. ಆ ಸಾಲು ಓದಿದವರು ಇನ್ನೊಂದು ಸಂಗತಿಯನ್ನೂ ತಿಳಿದಿರಬೇಕು. 1911ರ ಫೆಬ್ರವರಿ 23ರಂದು ತೀರಿಕೊಂಡ ಅವನನ್ನು ಹೂಳಿದ್ದು ಇಲ್ಲಿ ಅಲ್ಲ, ಪೋಸ್ಟ್ ಓಕ್ ಮಿಷನ್ ಎಂಬಲ್ಲಿನ ಸ್ಮಶಾನದಲ್ಲಿ. ಸಾಯುವ ಕೆಲವೇ ತಿಂಗಳ ಹಿಂದೆ ತಾಯಿಯ ಅಸ್ಥಿಗಳನ್ನು ಟೆಕ್ಸಾಸ್‌ನಿಂದ ತರಿಸಿ ಅವನು ಹೂಳಿಸಿದ್ದು ಅಲ್ಲಿಯೇ. ಸೇನೆಯ ಗುಂಡುಹಾರಿಸುವ ಬಯಲು ವಿಸ್ತರಿಸಬೇಕಾದಾಗ, 1957ರಲ್ಲಿ, ತಾಯಿ ಮಗ ಇಬ್ಬರನ್ನೂ ಅಗೆದು ತೆಗೆದು ಫೋರ್ಟ್ ಸಿಲ್‌ಗೆ ತರಲಾಯಿತು. ಅಪಾಚಿ ಜನರ ಜೆರೊನಿಮೊ ಸಮಾಧಿಯೂ ಇದೇ ನೆಲೆಯಲ್ಲಿದೆ, ಆದರೆ ಬೇರೆ ಸ್ಮಶಾನದಲ್ಲಿ. ಎರಡೂ ಜನಾಂಗಗಳನ್ನು ಒಂದೇ ಎಂದು ಭಾವಿಸಬಾರದು.

ಸಮಾಧಿಗಳ ಮೇಲೆ ನಾಣ್ಯ, ಬಟ್ಟೆಯ ತುಂಡು, ಗರಿ ಮೊದಲಾದ ವಸ್ತುಗಳನ್ನು ಯಾರಾದರೂ ಇಟ್ಟು ಹೋಗಿದ್ದರೆ ಅವನ್ನು ಮುಟ್ಟಬೇಡಿ, ಚಿತ್ರ ಚೆನ್ನಾಗಿ ಬರಲೆಂದು ಸರಿಸಲೂ ಬೇಡಿ. ಇಲ್ಲಿಗೆ ಬರುವವರಲ್ಲಿ ಕ್ವಾನಾನ ವಂಶದವರೂ ಇರುತ್ತಾರೆ.

ಲಾಟನ್‌ನ ಪಶ್ಚಿಮಕ್ಕೆ ಕ್ಯಾಶ್ ಎಂಬ ಪುಟ್ಟ ಊರಿದೆ. ಕ್ವಾನಾ 1890ರ ಸುಮಾರಿಗೆ ಕಟ್ಟಿಸಿದ, ಮಾಡಿನ ಮೇಲೆ ದೊಡ್ಡ ನಕ್ಷತ್ರಗಳನ್ನು ಬಿಡಿಸಿದ ಎರಡಂತಸ್ತಿನ ಮರದ ಮನೆ ಈ ಊರಿನಲ್ಲಿದೆ. ಅದು ಖಾಸಗಿ ಸ್ವತ್ತು, ಬಹಳ ಜೀರ್ಣವಾಗಿದೆ. ಮೊದಲೇ ಕೇಳಿ ಅನುಮತಿ ಪಡೆಯದೆ ಹೋಗಬಾರದು.

ಎರಡನೆಯ ಹೆಜ್ಜೆ: ಫಲಕಗಳನ್ನು ಮನೆಯಲ್ಲೇ ಪತ್ತೆಹಚ್ಚಿ

ಟೆಕ್ಸಾಸ್ ಹಿಸ್ಟಾರಿಕಲ್ ಕಮಿಷನ್ ನಡೆಸುವ ಅಟ್ಲಾಸ್ ಎಂಬ ಆನ್‌ಲೈನ್ ಪಟ್ಟಿಯಲ್ಲಿ ಕೌಂಟಿಯ (ನಮ್ಮ ಜಿಲ್ಲೆಯಂಥ ಆಡಳಿತ ಘಟಕದ) ಹೆಸರಿನಿಂದ ಹುಡುಕಿದರೆ ಆ ಕೌಂಟಿಯ ಫಲಕಗಳ ಬರಹ ಮತ್ತು ಜಾಗ ಎರಡೂ ಸಿಗುತ್ತವೆ. ಈ ಮಾರ್ಗಕ್ಕೆ ಬೇಕಾದ ಕೌಂಟಿಗಳು ಹಾರ್ಡ್‌ಮನ್, ಫೋರ್ಡ್, ಮಾಟ್ಲಿ, ಬ್ರಿಸ್ಕೊ, ರ‍್ಯಾಂಡಲ್ ಮತ್ತು ಹಚಿನ್ಸನ್. ಬಯಲಿನಲ್ಲಿ ಮೊಬೈಲ್ ಸಿಗ್ನಲ್ ಅನೇಕ ಕಡೆ ಸಿಗುವುದಿಲ್ಲವಾದ್ದರಿಂದ ನಕ್ಷೆಯನ್ನು ಫೋನಿಗೆ ಇಳಿಸಿಕೊಂಡಿರಬೇಕು, ಫಲಕಗಳ ಬರಹವನ್ನು ಮುದ್ರಿಸಿಕೊಂಡರೆ ಇನ್ನೂ ಒಳ್ಳೆಯದು. ಎಫ್.ಎಂ. ಎಂಬ ಅಕ್ಷರಗಳ ಮುಂದೆ ಸಂಖ್ಯೆ ಇರುವ ರಸ್ತೆಗಳು ಹೊಲದಿಂದ ಪೇಟೆಗೆಂದು ರಾಜ್ಯ ಸರ್ಕಾರ ಹಾಕಿದ ಡಾಂಬರು ರಸ್ತೆಗಳು. ಅವುಗಳ ಮೇಲೆ ಧೈರ್ಯವಾಗಿ ಹೋಗಬಹುದು. ಕೌಂಟಿ ರಸ್ತೆಗಳು ಮಾತ್ರ ಬಹಳ ಕಡೆ ಮಣ್ಣಿನವು, ಮಳೆ ಬಂದರೆ ಚಕ್ರ ಹೂತುಕೊಳ್ಳುತ್ತದೆ.

ಬೇಲಿಗಂಬದ ಮೇಲೆ ನೇರಳೆ ಬಣ್ಣದ ಪಟ್ಟೆ ಬಳಿದಿದ್ದರೆ ಅದು ಅಲಂಕಾರವಲ್ಲ. ಟೆಕ್ಸಾಸ್ ಕಾನೂನಿನ ಪ್ರಕಾರ ಅದು ‘ಒಳಗೆ ಬರಬಾರದು’ ಎಂಬ ಫಲಕಕ್ಕೆ ಸಮ. ಕಣ್ಣಿಗೆ ಹತ್ತಿರ ಕಾಣುವ ಗುಡ್ಡವೋ ಹಳ್ಳವೋ ಎಷ್ಟೇ ಸೆಳೆದರೂ ಬೇಲಿ ದಾಟಬಾರದು, ಏಕೆಂದರೆ ಈ ಸೀಮೆಯ ನೆಲವೆಲ್ಲ ಹೆಚ್ಚುಕಡಿಮೆ ಖಾಸಗಿ ರಾಂಚುಗಳ ಒಡೆತನದಲ್ಲಿದೆ.

ಕಾಲದ ವಿಚಾರಕ್ಕೆ ಬಂದರೆ, ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್‌ವರೆಗಿನ ದಿನಗಳು ಎಲ್ಲಕ್ಕಿಂತ ಹಿತ. ಬೇಸಿಗೆಯಲ್ಲಿ ಕಣಿವೆಯ ತಳ ಕುದಿಯುತ್ತದೆ, ವಸಂತದಲ್ಲಿ ಆಲಿಕಲ್ಲು ಮತ್ತು ಸುಂಟರಗಾಳಿಯ ಭಯವಿದೆ. ಕಲ್ಲುಗಳ ಬುಡದ ಹುಲ್ಲಿನಲ್ಲಿ ಗಿಲಕಿ ಹಾವು ಇರಬಹುದಾದ್ದರಿಂದ ಮುಚ್ಚಿದ ಬೂಟು ಬೇಕು. ಸಣ್ಣ ಊರಿನ ಪೆಟ್ರೋಲ್ ಬಂಕ್ ಸಿಕ್ಕಾಗಲೇ ಟ್ಯಾಂಕ್ ತುಂಬಿಸಿಕೊಳ್ಳಿ.

ಮೂರನೆಯ ಹೆಜ್ಜೆ: ಕಲ್ಲಿನ ವಯಸ್ಸನ್ನು ಗುರುತಿಸಿ

ಫಲಕದ ಮುಂದೆ ನಿಂತಾಗ ಬರಹಕ್ಕಿಂತ ಮೊದಲು ಅದನ್ನು ಯಾವಾಗ, ಯಾರು ಇಟ್ಟರು ಎಂಬುದನ್ನು ನೋಡಬೇಕು. ಕಂಚಿನ ನಕ್ಷತ್ರ ಮತ್ತು ಎಲೆಯ ಹಾರ ಕೂರಿಸಿದ ಗ್ರಾನೈಟ್ ಕಲ್ಲು 1936ರದು. ಮೆಕ್ಸಿಕೊದಿಂದ ಟೆಕ್ಸಾಸ್ ಸ್ವತಂತ್ರವಾಗಿ ನೂರು ವರ್ಷ ತುಂಬಿದ ಸಂಭ್ರಮದಲ್ಲಿ ರಾಜ್ಯದಾದ್ಯಂತ ಇಂಥ ಕಲ್ಲುಗಳನ್ನು ನೆಡಲಾಯಿತು. ಕಂಬದ ಮೇಲಿನ ಅಲ್ಯೂಮಿನಿಯಂ ಫಲಕಗಳ ಕಾಲ 1962ರಿಂದ ಶುರುವಾಗುತ್ತದೆ. ಇವುಗಳಲ್ಲಿ ಹೆಚ್ಚಿನವುಗಳ ಕೊನೆಯಲ್ಲಿ ಆವರಣದೊಳಗೆ ಒಂದು ಇಸವಿ ಇರುತ್ತದೆ. ಅದು ಘಟನೆಯ ಇಸವಿಯಲ್ಲ, ಫಲಕ ಇಟ್ಟ ಇಸವಿ. 2006ರಿಂದ ಈಚೆಗೆ, ಅದುವರೆಗೆ ಹೇಳದೆ ಉಳಿದ ಕಥೆಗಳಿಗೆಂದೇ ಟೆಕ್ಸಾಸ್ ಹಿಸ್ಟಾರಿಕಲ್ ಕಮಿಷನ್ ಪ್ರತ್ಯೇಕ ಯೋಜನೆಯೊಂದನ್ನು ನಡೆಸುತ್ತಿದೆ.

ಈ ವ್ಯತ್ಯಾಸ ತಿಳಿದಿದ್ದರೆ ಓದುವ ರೀತಿ ಬದಲಾಗುತ್ತದೆ. 1936ರ ಕಲ್ಲುಗಳು ಚಿಕ್ಕವು, ಖಚಿತ ದನಿಯವು. ಸೇನಾಧಿಕಾರಿಯ ಹೆಸರು, ದಿನಾಂಕ, ಗೆಲುವು, ಅಷ್ಟೇ. ಹತ್ತಿರದಲ್ಲೇ ಇರುವ ಆಮೇಲಿನ ಫಲಕದಲ್ಲಿ ಅದೇ ಘಟನೆಗೆ ಕಾರಣವಾದ ಸಂಗತಿಗಳು ಸ್ವಲ್ಪವಾದರೂ ಬಂದಿರುತ್ತವೆ. ಪ್ರತಿ ಕಲ್ಲಿನ ಮುಂದೆಯೂ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಿ: ಇಲ್ಲಿ ಯಾರಿಗೆ ಹೆಸರಿದೆ, ಯಾರನ್ನು ಬರಿಯ ಗುಂಪಾಗಿ ಕರೆಯಲಾಗಿದೆ, ಹೋರಾಟ ಏಕೆ ನಡೆಯಿತೆಂದು ಹೇಳಿದೆಯೇ.

ನಾಲ್ಕನೆಯ ಹೆಜ್ಜೆ: ಕ್ವಾನಾ ಪಟ್ಟಣದಿಂದ ಪೀಸ್ ನದಿಯವರೆಗೆ

ಲಾಟನ್‌ನಿಂದ ಪಶ್ಚಿಮಕ್ಕೆ ಆಲ್ಟಸ್ ಮಾರ್ಗವಾಗಿ ರೆಡ್ ನದಿ ದಾಟಿದರೆ ಕ್ವಾನಾ ಪಟ್ಟಣ ಬರುತ್ತದೆ. ತನ್ನ ಹೆಸರಿನ ಈ ಊರಿಗೆ ಕ್ವಾನಾ ಹರಸಿದ ಮಾತುಗಳನ್ನು ಇಲ್ಲಿನವರು ಹೆಮ್ಮೆಯಿಂದ ಉಳಿಸಿಕೊಂಡಿದ್ದಾರೆ. ಊರಿನ ಆಗ್ನೇಯಕ್ಕೆ, ಸಮತಟ್ಟಾದ ಬಯಲಿನ ನಡುವೆ ನಾಲ್ಕು ಶಂಕುವಿನಾಕಾರದ ಗುಡ್ಡಗಳು ಸಾಲಾಗಿ ನಿಂತಿವೆ. ಮೆಡಿಸಿನ್ ಮೌಂಡ್ಸ್ ಎಂಬ ಈ ಗುಡ್ಡಗಳು ಕೊಮಾಂಚಿಗಳಿಗೆ ಪವಿತ್ರ. ಔಷಧದ ಬೇರು ಗಿಡಗಳಿಗಾಗಿಯೂ ಪ್ರಾರ್ಥನೆಗಾಗಿಯೂ ಅವರು ಇಲ್ಲಿಗೆ ಬರುತ್ತಿದ್ದರು. ಗುಡ್ಡಗಳು ಖಾಸಗಿ ನೆಲದಲ್ಲಿವೆ. ರಸ್ತೆಯಿಂದ ನೋಡಿದರೆ ಸಾಕು, ಹತ್ತುವ ಪ್ರಯತ್ನ ಬೇಡ.

ಇಲ್ಲಿಂದ ದಕ್ಷಿಣಕ್ಕೆ ಪೀಸ್ ನದಿ ದಾಟಿ ಕ್ರೋವೆಲ್ ಕಡೆಗೆ ಇಳಿಯಬೇಕು. 1860ರ ಡಿಸೆಂಬರ್‌ನಲ್ಲಿ ಸಲ್ ರಾಸ್ ಎಂಬ, ಟೆಕ್ಸಾಸ್ ರೇಂಜರ್ಸ್ ಎಂಬ ಗಡಿಕಾವಲು ದಳದ ನಾಯಕನ ಪಡೆ ಈ ನದಿಗೆ ಸೇರುವ ಹಳ್ಳವೊಂದರ ಬಳಿ ಕೊಮಾಂಚಿ ಬಿಡಾರದ ಮೇಲೆ ಬಿದ್ದಿತು. ಅಲ್ಲಿ ಸೆರೆಸಿಕ್ಕವರಲ್ಲಿ ಸಿಂಥಿಯಾ ಆನ್ ಪಾರ್ಕರ್ ಮತ್ತು ಅವಳ ಎಳೆಗೂಸು ಟಾಪ್ಸಾನಾ ಇದ್ದರು. 1836ರ ಮೇ 19ರಂದು ಫೋರ್ಟ್ ಪಾರ್ಕರ್ ಮೇಲಿನ ದಾಳಿಯಲ್ಲಿ, ಸುಮಾರು ಒಂಬತ್ತು ವರ್ಷದವಳಾಗಿದ್ದಾಗ ಕೊಮಾಂಚಿಗಳು ಎತ್ತಿಕೊಂಡು ಹೋಗಿದ್ದ ಈಕೆ, ಇಪ್ಪತ್ತನಾಲ್ಕು ವರ್ಷ ಅವರೊಳಗೊಬ್ಬಳಾಗಿ ಬಾಳಿ, ಪೆಟಾ ನೊಕೊನಾನ ಹೆಂಡತಿಯಾಗಿ, ಕ್ವಾನಾನ ತಾಯಿಯಾಗಿದ್ದಳು. ಹಳೆಯ ಬರಹಗಳು ಇದನ್ನು ಬಿಡುಗಡೆ ಎಂದು ಕರೆದವು. ಅವಳು ಮಾತ್ರ ಗಂಡನ ಜನರ ಬಳಿಗೆ ಹಿಂದಿರುಗಲು ಹಂಬಲಿಸುತ್ತಲೇ, ಮಗಳನ್ನೂ ಕಳೆದುಕೊಂಡು, ಬಂಧುಗಳ ಮನೆಯಲ್ಲಿ ಕೊನೆಯುಸಿರೆಳೆದಳು. ಪೆಟಾ ನೊಕೊನಾ ಅಂದೇ ಸತ್ತನೆಂದು ರಾಸ್ ಹೇಳಿಕೊಂಡ. ತನ್ನ ತಂದೆ ಅಲ್ಲಿ ಸಾಯಲಿಲ್ಲ, ಆಮೇಲೆ ತೀರಿಕೊಂಡ ಎಂದು ಕ್ವಾನಾ ಹೇಳುತ್ತಿದ್ದ. ಸತ್ತವರಲ್ಲಿ ಹೆಂಗಸರೂ ಇದ್ದುದರಿಂದ, ಅದನ್ನು ಕಾಳಗ ಎನ್ನಬಹುದೇ ಎಂಬ ಪ್ರಶ್ನೆಯನ್ನು ಈಚಿನ ಇತಿಹಾಸಕಾರರು ಎತ್ತಿದ್ದಾರೆ. ರಾಸ್ ಮುಂದೆ ಟೆಕ್ಸಾಸ್‌ನ ಗವರ್ನರ್ ಆದ ಎಂಬುದನ್ನು ನೆನಪಿಟ್ಟುಕೊಂಡರೆ, ಅವನ ಹೇಳಿಕೆಯೇ ಬಹುಕಾಲ ಏಕೆ ನಿಂತಿತು ಎಂಬುದು ತಿಳಿಯುತ್ತದೆ.

ಐದನೆಯ ಹೆಜ್ಜೆ: ಬಾಣಗಳ ಜಾಡು ಹಿಡಿಯಿರಿ

ಕ್ರೋವೆಲ್‌ನಿಂದ ಪಡೂಕಾ, ಮಾಟಡೋರ್, ಟರ್ಕಿ, ಕ್ವಿಟಕ್ವೆ, ಸಿಲ್ವರ್‌ಟನ್ ಈ ಊರುಗಳ ದಾರಿಯಲ್ಲಿ ಹೋಗುವಾಗ ಉಕ್ಕಿನ ಬಾಣಗಳು ಎದುರಾಗುತ್ತವೆ. ಟೆಕ್ಸಾಸ್ ಪ್ಲೇನ್ಸ್ ಟ್ರೇಲ್ ಎಂಬ ಪ್ರಾದೇಶಿಕ ಸಂಸ್ಥೆಯು 52 ಕೌಂಟಿಗಳ ವ್ಯಾಪ್ತಿಯಲ್ಲಿ ಕ್ವಾನಾ ಪಾರ್ಕರ್ ಟ್ರೇಲ್ ಎಂಬ ಹೆಸರಿನಲ್ಲಿ ಇವುಗಳನ್ನು ನಿಲ್ಲಿಸಿದೆ. ನ್ಯೂ ಹೋಮ್ ಎಂಬ ಊರಿನ ಶಿಲ್ಪಿ ಚಾರ್ಲ್ಸ್ ಸ್ಮಿತ್ ಇವುಗಳನ್ನು ಮಾಡಿದರು. ಸುಮಾರು 22 ಅಡಿ ಎತ್ತರದ ಪ್ರತಿಯೊಂದು ಬಾಣವೂ ಆಕಾಶದಿಂದ ಬಂದು ನೆಲಕ್ಕೆ ನಾಟಿದಂತೆ, ಮೊನೆ ಮಣ್ಣೊಳಗೆ ಮರೆಯಾಗಿ, ಗರಿಗಳು ಮೇಲೆ ನಿಂತು, ದೂರದಿಂದಲೇ ಕಾಣುತ್ತದೆ. ಕೆಲವು ನ್ಯಾಯಾಲಯದ ಅಂಗಳದಲ್ಲಿವೆ, ಕೆಲವು ಮ್ಯೂಸಿಯಂ ಮುಂದೆ, ಇನ್ನು ಕೆಲವು ರೈತರು ಬಿಟ್ಟುಕೊಟ್ಟ ಹೊಲದಂಚಿನಲ್ಲಿ. ಕ್ವಾನಾನ ವಂಶಸ್ಥರು ಹಲವು ಬಾಣಗಳ ಪ್ರತಿಷ್ಠೆಗೆ ಬಂದು ಹರಸಿದ್ದಾರೆ. 1936ರ ಕಲ್ಲುಗಳು ಕಾಳಗ ನಡೆದ ಒಂದು ದಿನವನ್ನು ಗುರುತಿಸುತ್ತವೆ. ಈ ಬಾಣಗಳಾದರೋ ಕೊಮಾಂಚಿಗಳು ಓಡಾಡಿದ, ಬಿಡಾರ ಹೂಡಿದ, ನೀರು ಕುಡಿದ, ವ್ಯಾಪಾರ ನಡೆಸಿದ ಜಾಗಗಳನ್ನೂ ಗುರುತಿಸುತ್ತವೆ. ಇದನ್ನೇ ನಾನು ದೊಡ್ಡ ಮುನ್ನಡೆ ಎಂದು ತಿಳಿದಿದ್ದೇನೆ. ಎಲ್ಲ ಬಾಣಗಳನ್ನೂ ಎಣಿಸುತ್ತಾ ಹೋಗುವ ಅಗತ್ಯವಿಲ್ಲ. ನಾಲ್ಕೈದರ ಬಳಿ ಇಳಿದು, ಜೊತೆಗಿರುವ ಫಲಕವನ್ನು ಓದಿ, ಇದೇ ಜಾಗ ಏಕೆ ಎಂದು ಸುತ್ತ ನೋಡಿದರೆ ಸಾಕು. ಹೆಚ್ಚಿನ ಕಡೆ ಉತ್ತರ ಒಂದೇ: ನೀರು.

ಕ್ವಿಟಕ್ವೆ ಬಳಿಯ ಕ್ಯಾಪ್‌ರಾಕ್ ಕ್ಯಾನಿಯನ್ಸ್ ಉದ್ಯಾನದಲ್ಲಿ ಟೆಕ್ಸಾಸ್ ರಾಜ್ಯದ ಬೈಸನ್ ಹಿಂಡು ಇದೆ. ಕೊಮಾಂಚಿ ಬದುಕು ನಿಂತಿದ್ದುದೇ ಈ ಪ್ರಾಣಿಯ ಮೇಲೆ. ಒಂದು ರಾತ್ರಿ ಇಲ್ಲಿ ತಂಗುವುದು ಒಳ್ಳೆಯದು. ಬೈಸನ್ ರಸ್ತೆಗೆ ಬಂದರೆ ಕಾರಿನಿಂದ ಇಳಿಯಬೇಡಿ.

ಆರನೆಯ ಹೆಜ್ಜೆ: ಟ್ಯೂಲ್ ಮತ್ತು ಪಾಲೊ ಡ್ಯೂರೊ

ಸಿಲ್ವರ್‌ಟನ್‌ನಿಂದ ಕ್ಲಾಡ್‌ವರೆಗಿನ 207ನೆಯ ಸಂಖ್ಯೆಯ ರಾಜ್ಯ ಹೆದ್ದಾರಿ ಸುಮಾರು 50 ಮೈಲಿ. ಚಪ್ಪಟೆ ಬಯಲು ಇದ್ದಕ್ಕಿದ್ದಂತೆ ಬಾಯಿಬಿಟ್ಟು, ರಸ್ತೆ ಕೆಂಪು ಕಣಿವೆಯೊಳಗೆ ಧುಮುಕಿ ಮತ್ತೆ ಮೇಲೇರುತ್ತದೆ. ಮೊದಲು ಬರುವುದು ಟ್ಯೂಲ್ ಕಣಿವೆ, ಆಮೇಲೆ ಪಾಲೊ ಡ್ಯೂರೊ. ಇವೆರಡನ್ನೂ ಒಟ್ಟಿಗೆ ಓದಬೇಕು.

1867ರ ಅಕ್ಟೋಬರ್‌ನಲ್ಲಿ ಕಾನ್ಸಾಸ್‌ನ ಮೆಡಿಸಿನ್ ಲಾಡ್ಜ್‌ನಲ್ಲಿ ಆದ ಒಪ್ಪಂದದಂತೆ ಕೊಮಾಂಚಿಗಳು ಸರ್ಕಾರ ಅವರಿಗೆಂದು ಗೊತ್ತುಮಾಡಿದ ಮೀಸಲು ಪ್ರದೇಶಕ್ಕೆ ಹೋಗಬೇಕಿತ್ತು. ಬದಲಿಗೆ ಅರ್ಕನ್ಸಾ ನದಿಯ ದಕ್ಷಿಣಕ್ಕೆ ಬೈಸನ್ ಇರುವವರೆಗೂ ಬೇಟೆಯಾಡುವ ಹಕ್ಕು ಅವರಿಗೆ ಉಳಿದಿತ್ತು. ಚರ್ಮಕ್ಕಾಗಿ ಬೇಟೆಯಾಡುವವರು ಆ ನೆಲಕ್ಕೂ ನುಗ್ಗಿ ಹಿಂಡುಗಳನ್ನೇ ಮುಗಿಸತೊಡಗಿದಾಗ, ಮೀಸಲು ಪ್ರದೇಶದಲ್ಲಿ ಕೊಡಬೇಕಾದ ಆಹಾರವೂ ಸರಿಯಾಗಿ ಸಿಗದಾದಾಗ, 1874ರ ಯುದ್ಧ ಹೊತ್ತಿಕೊಂಡಿತು. ಆ ವರ್ಷದ ಸೆಪ್ಟೆಂಬರ್ 28ರ ಬೆಳಗಿನ ಜಾವ ಕರ್ನಲ್ ರನಾಲ್ಡ್ ಮೆಕೆಂಜಿಯ ನಾಲ್ಕನೆಯ ಅಶ್ವದಳ ಪಾಲೊ ಡ್ಯೂರೊ ಕಣಿವೆಯ ಕಡಿದಾದ ಗೋಡೆಯನ್ನಿಳಿದು ಕೊಮಾಂಚಿ, ಕಯೊವಾ, ಷಯೆನ್ ಜನರ ಬಿಡಾರಗಳ ಮೇಲೆರಗಿತು. ಸತ್ತವರು ಕೆಲವೇ ಮಂದಿ. ಆದರೆ ಗುಡಾರಗಳು, ಚಳಿಗಾಲಕ್ಕೆಂದು ಒಣಗಿಸಿಟ್ಟ ಮಾಂಸ, ಹೊದಿಕೆಗಳು, ಎಲ್ಲವನ್ನೂ ಸೈನಿಕರು ಸುಟ್ಟರು. ಸುಮಾರು 1,400 ಕುದುರೆಗಳನ್ನು ಹಿಡಿದರು. ಕೆಲವನ್ನು ತನ್ನವರಿಗೆ ಹಂಚಿ, ಉಳಿದ ಸಾವಿರಕ್ಕೂ ಹೆಚ್ಚು ಕುದುರೆಗಳನ್ನು ಮೆಕೆಂಜಿ ಟ್ಯೂಲ್ ಕಣಿವೆಯ ಬಳಿ ಗುಂಡಿಕ್ಕಿ ಕೊಲ್ಲಿಸಿದ. ಎಲುಬುಗಳು ವರ್ಷಗಟ್ಟಲೆ ಅಲ್ಲೇ ಬಿದ್ದಿದ್ದವು. ಕುದುರೆಯಿಲ್ಲದೆ, ಅನ್ನವಿಲ್ಲದೆ ಚಳಿಗಾಲವನ್ನು ಎದುರಿಸಿದ ಜನ ಒಂದೊಂದು ಗುಂಪಾಗಿ ಫೋರ್ಟ್ ಸಿಲ್ ಕಡೆಗೆ ನಡೆದರು.

ಇಂದು ಟ್ಯೂಲ್ ಕಣಿವೆಗೆ ಅಣೆಕಟ್ಟು ಕಟ್ಟಿ ನಿಲ್ಲಿಸಿದ ಜಲಾಶಯಕ್ಕೆ ಮೆಕೆಂಜಿಯ ಹೆಸರೇ ಇದೆ. ದೋಣಿವಿಹಾರಕ್ಕೆ ಬಂದ ಕುಟುಂಬಗಳಲ್ಲಿ ಎಷ್ಟು ಜನಕ್ಕೆ ಕುದುರೆಗಳ ಕಥೆ ಗೊತ್ತಿರುತ್ತದೆ ಎಂಬ ಯೋಚನೆ ನನ್ನನ್ನು ಬಿಡುವುದಿಲ್ಲ. ಅದಕ್ಕಾಗಿಯೇ ಬ್ರಿಸ್ಕೊ ಕೌಂಟಿಯ ಫಲಕಗಳ ಬರಹವನ್ನು ಮೊದಲೇ ಓದಿಕೊಂಡು, ನೀರಿನ ದಂಡೆಗೆ ಬಂದ ಮೇಲೆ ಮಕ್ಕಳಿಗೆ ಜೋರಾಗಿ ಓದಿ ಹೇಳಿ. ಪಾಲೊ ಡ್ಯೂರೊ ರಾಜ್ಯ ಉದ್ಯಾನದ ದ್ವಾರ ಕ್ಯಾನಿಯನ್ ಪಟ್ಟಣದ ಪೂರ್ವಕ್ಕಿದೆ. ಒಳಗೆ ಕಾಳಗದ ಫಲಕವೂ ಇದೆ. ವಾರಾಂತ್ಯದಲ್ಲಿ ಪ್ರವೇಶ ಬೇಗ ಭರ್ತಿಯಾಗುವುದರಿಂದ ಆನ್‌ಲೈನಿನಲ್ಲಿ ಮುಂಗಡ ಕಾಯ್ದಿರಿಸಿ. ಕ್ಯಾನಿಯನ್ ಪಟ್ಟಣದ ಪ್ಯಾನ್‌ಹ್ಯಾಂಡಲ್ ಪ್ಲೇನ್ಸ್ ಮ್ಯೂಸಿಯಂ ನೋಡುವ ಆಸೆಯಿದ್ದರೆ ಅದು ತೆರೆದಿದೆಯೇ ಎಂದು ವಿಚಾರಿಸಿಕೊಂಡೇ ಹೋಗಿ.

ಏಳನೆಯ ಹೆಜ್ಜೆ: ಅಡೋಬಿ ವಾಲ್ಸ್‌ನ ಎರಡು ಕಲ್ಲುಗಳು

ಸಮಯವಿದ್ದವರು ಆಮರಿಲ್ಲೊದಿಂದ ಉತ್ತರಕ್ಕೆ ಬೋರ್ಗರ್, ಸ್ಟಿನೆಟ್ ದಾಟಿ ಕೆನೇಡಿಯನ್ ನದಿಯ ಸೀಮೆಗೆ ಹೋಗಲೇಬೇಕು. ಕೊನೆಯ ಭಾಗ ಮಣ್ಣಿನ ದಾರಿ; ಒಣ ಹವೆಯಲ್ಲಿ, ಹಗಲಲ್ಲಿ, ನೀರು ಮತ್ತು ಹೆಚ್ಚುವರಿ ಚಕ್ರ ಇಟ್ಟುಕೊಂಡು ಮಾತ್ರ ಹೋಗಿ. 1874ರ ಜೂನ್ 27ರ ಮುಂಜಾನೆ, ಬೈಸನ್ ಚರ್ಮದ ವ್ಯಾಪಾರಕ್ಕೆಂದು ಕಟ್ಟಿದ್ದ ಇಲ್ಲಿನ ಕೆಲವೇ ಕಟ್ಟಡಗಳ ಮೇಲೆ ಕೊಮಾಂಚಿ, ಷಯೆನ್ ಮತ್ತು ಕಯೊವಾ ಯೋಧರು ನೂರಾರು ಸಂಖ್ಯೆಯಲ್ಲಿ ಎರಗಿದರು. ಗುಂಡು ತಮ್ಮನ್ನು ತಾಕದೆಂದು ಇಸಾಟೈ ಎಂಬ ಕೊಮಾಂಚಿ ದೈವಜ್ಞ ಭರವಸೆ ಕೊಟ್ಟಿದ್ದ. ಒಳಗಿದ್ದವರು 28 ಗಂಡಸರು ಮತ್ತು ಒಬ್ಬ ಹೆಂಗಸು. ದೂರಕ್ಕೆ ಹೊಡೆಯುವ ಬೇಟೆಯ ಬಂದೂಕುಗಳಿಂದಾಗಿ ಅವರು ಉಳಿದರು, ದಾಳಿ ವಿಫಲವಾಯಿತು.

ಕಾಳಗಕ್ಕೆ ಐವತ್ತು ವರ್ಷ ತುಂಬಿದ 1924ರಲ್ಲಿ ಇಲ್ಲಿ ಒಂದು ಕಲ್ಲು ನಿಂತಿತು. ಒಳಗಿದ್ದು ಕಾದಾಡಿದ ಬೇಟೆಗಾರರ ಹೆಸರುಗಳು ಅದರ ಮೇಲಿವೆ. ಎದುರು ನಿಂತು ಮಡಿದ ಮೂಲನಿವಾಸಿ ಯೋಧರ ಸ್ಮರಣೆಗೆ ಕಲ್ಲು ಬಂದದ್ದು 1941ರಲ್ಲಿ, ಅಂದರೆ ಹದಿನೇಳು ವರ್ಷಗಳ ನಂತರ. ಬಯಲಿನ ಸ್ಮಾರಕಗಳಲ್ಲಿ ಒಂದೇ ನೆಲದ ಮೇಲೆ ಎರಡೂ ಪಕ್ಷದವರಿಗೆ ಕಲ್ಲುಗಳಿರುವುದು ಅಪರೂಪ, ಅದರಲ್ಲೂ ಅಷ್ಟು ಹಿಂದೆಯೇ. ಒಂದು ಕಲ್ಲಿನಿಂದ ಇನ್ನೊಂದಕ್ಕೆ ನಿಧಾನವಾಗಿ ನಡೆದು ಎರಡನ್ನೂ ಪೂರ್ತಿ ಓದಿ. ದಿನವಿಡೀ ಇಲ್ಲಿಗೆ ಬೇರೆ ಯಾರೂ ಬರದಿರಬಹುದಾದ್ದರಿಂದ, ನೀವು ಹೋಗುವ ದಾರಿಯನ್ನೂ ಮರಳುವ ಹೊತ್ತನ್ನೂ ಹೋಟೆಲಿನವರಿಗೋ ಮನೆಯವರಿಗೋ ತಿಳಿಸಿ ಹೊರಡಿ.

ಎಂಟನೆಯ ಹೆಜ್ಜೆ: ಕಲ್ಲುಗಳು ನಿಲ್ಲಿಸಿದಲ್ಲಿಂದ ಮುಂದಕ್ಕೆ

ದಾರಿಬದಿಯ ಬರಹಗಳು ಬಹುಪಾಲು 1875ಕ್ಕೆ, ಹೆಚ್ಚೆಂದರೆ 1877ರಲ್ಲಿ ಲಬಕ್ ಬಳಿ ಯೆಲ್ಲೋ ಹೌಸ್ ಕಣಿವೆಯಲ್ಲಿ ನಡೆದ ಹೋರಾಟಕ್ಕೆ ನಿಂತುಬಿಡುತ್ತವೆ. ಓದುಗರು ಮುಂದಿನ ಭಾಗವನ್ನು ತಾವೇ ಸೇರಿಸಿಕೊಳ್ಳಬೇಕು. 1892ರಲ್ಲಿ ಸರ್ಕಾರದ ಜೆರೋಮ್ ಆಯೋಗ ಮಾಡಿಸಿಕೊಂಡ, 1900ರಲ್ಲಿ ಸಂಸತ್ತು ಒಪ್ಪಿದ ಕರಾರಿನಿಂದ ಮೀಸಲು ಪ್ರದೇಶವೇ ಒಡೆದುಹೋಯಿತು. ತಲೆಗೆ 160 ಎಕರೆ ಕೊಟ್ಟು, ಉಳಿದದ್ದನ್ನು 1901ರಲ್ಲಿ ಲಾಟರಿ ಎತ್ತಿ ಹೊರಗಿನವರಿಗೆ ಹಂಚಲಾಯಿತು. ಕುದುರೆ ಹೋದದ್ದು ಟ್ಯೂಲ್ ಕಣಿವೆಯಲ್ಲಾದರೆ, ನೆಲ ಹೋದದ್ದು ಈ ಕಾಗದದಲ್ಲಿ. ಇದಕ್ಕೆ ಹೆದ್ದಾರಿಯಂಚಿನಲ್ಲಿ ಕಲ್ಲು ಸಿಗುವುದು ಕಷ್ಟ.

ಊರಿಗೆ ಮರಳಿದ ಮೇಲೆ ಚಿತ್ರಗಳನ್ನು ಹಂಚಿಕೊಳ್ಳುವಾಗ ಪ್ರತಿ ಫಲಕದ ಇಸವಿಯನ್ನೂ ಇಟ್ಟವರ ಹೆಸರನ್ನೂ ಜೊತೆಗೆ ಬರೆಯಿರಿ. ಫಲಕ ಮುರಿದಿದ್ದರೆ, ಕಾಣೆಯಾಗಿದ್ದರೆ, ಬರಹದಲ್ಲಿ ತಪ್ಪು ಕಂಡರೆ, ಆ ಕೌಂಟಿಯ ಹಿಸ್ಟಾರಿಕಲ್ ಕಮಿಷನ್‌ಗೆ ಚಿತ್ರಸಮೇತ ಪತ್ರ ಬರೆಯಬಹುದು. ಸ್ವಯಂಸೇವಕರೇ ನಡೆಸುವ ಈ ಸಮಿತಿಗಳಿಗೆ ಅಂಥ ಪತ್ರಗಳು ನಿಜವಾಗಿ ಉಪಯೋಗಕ್ಕೆ ಬರುತ್ತವೆ. ಶರತ್ಕಾಲದಲ್ಲಿ ಹೊರಡುವವರು ಲಾಟನ್‌ನಲ್ಲಿ ಪ್ರತಿವರ್ಷ ನಡೆಯುವ ಕೊಮಾಂಚಿ ನೇಷನ್ ಫೇರ್‌ನ ದಿನಾಂಕವನ್ನು ನೋಡಿಕೊಂಡು ಪ್ರಯಾಣ ಹೊಂದಿಸಿಕೊಳ್ಳಬಹುದು. ಅಲ್ಲಿ ನರ್ತಕರು ಸಾಲಾಗಿ ಪ್ರವೇಶಿಸುವಾಗ ಎಲ್ಲರೊಂದಿಗೆ ಎದ್ದು ನಿಲ್ಲಬೇಕು, ಟೊಪ್ಪಿ ತೆಗೆಯಬೇಕು, ಅವರು ತೊಟ್ಟ ಉಡುಪನ್ನು ಮುಟ್ಟಬಾರದು, ಒಬ್ಬೊಬ್ಬರ ಚಿತ್ರ ತೆಗೆಯುವ ಮೊದಲು ಕೇಳಬೇಕು. ಚಿತ್ರ ತೆಗೆಯಬೇಡಿ ಎಂದು ಸೂತ್ರಧಾರರು ಘೋಷಿಸಿದ ಹೊತ್ತಿನಲ್ಲಿ ಫೋನನ್ನು ಚೀಲದೊಳಗೆ ಇಟ್ಟುಬಿಡಬೇಕು.